ಉಲ್ಕೆ ಮತ್ತು ಬಾಹ್ಯಾಕಾಶ ತ್ಯಾಜ್ಯದ ನಡುವಿನ ವ್ಯತ್ಯಾಸ

ಉಲ್ಕೆ ಹಾಗೂ ವಾತಾವರಣವನ್ನು ಮರುಪ್ರವೇಶಿಸುವ ಬಾಹ್ಯಾಕಾಶ ತ್ಯಾಜ್ಯ ಎರಡೂ ಆಕಾಶದಲ್ಲಿ ಚಲಿಸುವ ಬೆಂಕಿಯ ಗೆರೆಗಳಂತೆ ಕಾಣುತ್ತವೆ. ಉಲ್ಕೆಯು ಸೂರ್ಯನನ್ನು ಸುತ್ತುವ ಧೂಳು ಅಥವಾ ಶಿಲಾಚೂರಿನಿಂದ ಉಂಟಾಗುತ್ತದೆ. ತ್ಯಾಜ್ಯವು ಭೂಮಿಯನ್ನು ಸುತ್ತುತ್ತಿದ್ದ ನಿಷ್ಕ್ರಿಯ ಉಪಗ್ರಹ ಅಥವಾ ರಾಕೆಟ್ಟಿನ ಭಾಗವಾಗಿರುತ್ತದೆ.

ವೇಗ ಮತ್ತು ಅವಧಿ
ಉಲ್ಕೆಗಳ ವೇಗ ಸೆಕೆಂಡಿಗೆ 11ರಿಂದ 72 ಕಿ.ಮೀ.; ಹೆಚ್ಚಿನವು ಒಂದೆರಡು ಸೆಕೆಂಡುಗಳಲ್ಲಿ ಮರೆಯಾಗುತ್ತವೆ. ಕೆಳಕಕ್ಷೆಯ ತ್ಯಾಜ್ಯದ ವೇಗ ಸುಮಾರು 7.8 ಕಿ.ಮೀ. ಮಾತ್ರ. ಅದು ಓರೆಯಾಗಿ ಇಳಿಯುವುದರಿಂದ ಅರ್ಧ ನಿಮಿಷದಿಂದ ಕೆಲವು ನಿಮಿಷಗಳವರೆಗೆ ಕಾಣಬಹುದು. ಆದರೆ ಅವಧಿಯೊಂದೇ ನಿರ್ಣಾಯಕವಲ್ಲ: 1972ರ ಆಗಸ್ಟ್ 10ರಂದು ಅಮೆರಿಕ ಮತ್ತು ಕೆನಡಾದ ಮೇಲೆ ಹಾದುಹೋದ ಉಲ್ಕೆಯು ಒಂದು ನಿಮಿಷಕ್ಕೂ ಹೆಚ್ಚು ಕಾಲ ಕಂಡಿತ್ತು.

ರೂಪ ಮತ್ತು ದಿಕ್ಕು
ತ್ಯಾಜ್ಯವು ಸುಮಾರು 80 ಕಿ.ಮೀ. ಎತ್ತರದಲ್ಲಿ ಒಡೆದು, ಹಲವು ತುಣುಕುಗಳಾಗಿ ಒಂದರ ಹಿಂದೆ ಒಂದು ಸಾಗುತ್ತದೆ. ಅದು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಅಥವಾ ಉತ್ತರ–ದಕ್ಷಿಣವಾಗಿ ಚಲಿಸುತ್ತದೆ. ಉಲ್ಕೆ ಯಾವ ದಿಕ್ಕಿನಿಂದಲೂ ಬರಬಹುದು. ಬಣ್ಣ ಎರಡರಲ್ಲೂ ಬದಲಾಗುವುದರಿಂದ ಅದು ನಂಬಲರ್ಹ ಗುರುತಲ್ಲ.

ದೂರದ ಭ್ರಮೆ
ಅಡೆತಡೆಯಿಲ್ಲದ ದಿಗಂತವಿದ್ದರೆ 80 ಕಿ.ಮೀ. ಎತ್ತರದ ಬೆಳಕು ಸುಮಾರು 1,000 ಕಿ.ಮೀ. ದೂರದಿಂದಲೂ ಕಾಣಬಲ್ಲದು. ಆದ್ದರಿಂದ ಉಡುಪಿ ಜಿಲ್ಲೆಯ ಉದ್ಯಾವರ, ಕಾಪು ಮುಂತಾದ ಕಡಲತೀರಗಳಲ್ಲಿ ಹತ್ತಿರದ ಸಮುದ್ರಕ್ಕೆ ಬಿದ್ದಂತೆ ತೋರುವ ವಸ್ತು ವಾಸ್ತವವಾಗಿ ಬಹುದೂರದಲ್ಲಿರಬಹುದು.

ನಿದರ್ಶನಗಳು
1866ರಲ್ಲಿ ಉಡುಪಿ ಪ್ರದೇಶದಲ್ಲಿ ಬಿದ್ದ ಶಿಲೆಯು ‘ಉಡಿಪಿ’ ಎಂಬ ಹೆಸರಿನಲ್ಲಿ ಉಲ್ಕಾಶಿಲೆಗಳ ಪಟ್ಟಿಯಲ್ಲಿ ದಾಖಲಾಗಿದೆ. ಅದು ಎಚ್5 ವರ್ಗದ ಕಾಂಡ್ರೈಟ್. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಗುಜರಾತ್ ಮತ್ತು ಮಧ್ಯಪ್ರದೇಶಗಳಲ್ಲಿ ಕಂಡ ಬೆಳಕಿನ ಸಾಲನ್ನು ಮೊದಲು ಹಲವರು ಉಲ್ಕಾಪಾತವೆಂದು ಭಾವಿಸಿದ್ದರು. ಚಂದ್ರಪುರ ಜಿಲ್ಲೆಯಲ್ಲಿ ದೊಡ್ಡ ಲೋಹದ ಉಂಗುರ ದೊರೆಯಿತು. ಅದು 2021ರಲ್ಲಿ ಉಡಾವಣೆಗೊಂಡ ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಭಾಗವೆಂದು ತಜ್ಞರು ಗುರುತಿಸಿದರು.

ಗುರುತಿಸುವಿಕೆಯ ಮಹತ್ವ
ಭಾರತದಲ್ಲಿ ದೊರೆಯುವ ಉಲ್ಕಾಶಿಲೆಗಳ ಸಂರಕ್ಷಣೆಯ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ರಾಕೆಟ್ಟಿನ ತೊಟ್ಟಿಗಳಲ್ಲಿ ಹೈಡ್ರಜಿನ್‌ನಂತಹ ವಿಷಕಾರಿ ಇಂಧನ ಉಳಿದಿರಬಹುದಾದ್ದರಿಂದ ಅಪರಿಚಿತ ಲೋಹದ ವಸ್ತುವನ್ನು ಮುಟ್ಟದೆ ಪೊಲೀಸರಿಗೆ ತಿಳಿಸುವುದು ಸುರಕ್ಷಿತ. 1972ರ ಬಾಹ್ಯಾಕಾಶ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಇಂತಹ ವಸ್ತು ನೆಲದ ಮೇಲೆ ಉಂಟುಮಾಡುವ ಹಾನಿಗೆ ಉಡಾವಣೆ ಮಾಡಿದ ದೇಶವೇ ಹೊಣೆ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೊದ ‘ನೇತ್ರ’ ನಿಯಂತ್ರಣ ಕೇಂದ್ರವು ಬಾಹ್ಯಾಕಾಶ ತ್ಯಾಜ್ಯದ ಮೇಲೆ ನಿಗಾ ಇಡುತ್ತದೆ. ಬೆಳಕು ಕಂಡ ಸಮಯ, ದಿಕ್ಕು ಮತ್ತು ಅವಧಿಯನ್ನು ನೋಡುಗರು ಬರೆದಿಟ್ಟುಕೊಂಡರೆ, ಅದನ್ನು ಆ ಹೊತ್ತಿನಲ್ಲಿ ನಿರೀಕ್ಷಿತವಾಗಿದ್ದ ಮರುಪ್ರವೇಶಗಳೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಬಹುದು.