ಹಸು ಗಬ್ಬ ನಿಲ್ಲುತ್ತಿಲ್ಲವೇ? ಗೋದಲಿ ನೋಡಿ!

ಮಂಡ್ಯ ಸೀಮೆಯಲ್ಲಿ ಬೆಳಗಿನ ಬಸ್ಸು ಹತ್ತಿದವರ ಕಿವಿಗೆ ಬೀಳುವ ಗೋಳುಗಳಲ್ಲಿ ಇದೂ ಒಂದು: "ಮೂರು ಸಲ ಇಂಜೆಕ್ಷನ್ ಹಾಕ್ಸಾಯ್ತು ಕಣಣ್ಣ, ಹಸ ಗಬ್ಬ ನಿಲ್ತಾ ಇಲ್ಲ." ಬೈಗುಳವೆಲ್ಲ ಇಂಜೆಕ್ಷನ್ ಹಾಕಿದವರಿಗೆ, ಇಲ್ಲವೇ ಹಸುವಿನ ಹಣೆಬರಹಕ್ಕೆ. ಗೋದಲಿಯೊಳಗೆ ಬಗ್ಗಿ ನೋಡುವವರು ಕಡಿಮೆ.

ಅಲ್ಲಿ ಬಿದ್ದಿರುವುದೇನು? ಕಬ್ಬಿನ ಸೋಗೆ, ಭತ್ತದ ಹುಲ್ಲು. ಕೃಷ್ಣರಾಜಸಾಗರದ ನಾಲೆ ಹರಿಯುವ ಊರುಗಳಲ್ಲಿ ಸುಲಭಕ್ಕೆ ಸಿಗುವ ಮೇವು ಇವೇ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಎರಡರಲ್ಲೂ ಆಕ್ಸಲೇಟ್ ಎಂಬ ಅಂಶವಿದ್ದು, ಅದು ಸುಣ್ಣದಂಶವನ್ನು ಹಿಡಿದುಕೊಂಡು ಸಗಣಿಯ ಜತೆ ಹೊರಗೆ ಹೋಗಿಬಿಡುತ್ತದೆ. ಸುಣ್ಣದಂಶ ಸಾಲದಿದ್ದರೆ ಈದ ಹಸುವಿನ ಗರ್ಭಕೋಶ ಬೇಗ ಸುಧಾರಿಸುವುದಿಲ್ಲ. ರಂಜಕ ಸಾಲದಿದ್ದರೆ ಬೆದೆಯೇ ತಡ. ಭತ್ತದ ಹುಲ್ಲಿನಲ್ಲಿ ರಂಜಕ ಹೆಸರಿಗಷ್ಟೇ. ತಮಾಷೆಯೆಂದರೆ ಅದೇ ಭತ್ತದ ತವುಡಿನಲ್ಲಿ ಧಾರಾಳ. ಹುಲ್ಲು ಕೊಟ್ಟಿಗೆಗೆ ಬರುತ್ತದೆ, ತವುಡು ಮಿಲ್ಲಿನಲ್ಲೇ ಉಳಿಯುತ್ತದೆ!

ಮೈ ಕರಗುವ ಕಾಲ

ಈದ ಹಸುವಿನ ಹಾಲು 6ರಿಂದ 8 ವಾರದೊಳಗೆ ಏರುಮಟ್ಟ ಮುಟ್ಟುತ್ತದೆ. ಮೇಯುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ, ಇನ್ನೂ ಕೆಲವು ವಾರ ಬೇಕು. ಅಲ್ಲಿಯವರೆಗೆ ಕ್ಯಾನು ತುಂಬುವುದು ಮೈಕೊಬ್ಬು ಕರಗಿಸಿ. ಅಂಗಡಿಯವರ ಭಾಷೆಯಲ್ಲಿ, ಲಾಭವಿಲ್ಲದೆ ಬಂಡವಾಳದಲ್ಲೇ ಸಂಸಾರ ನಡೆಸಿದಂತೆ. ಇಂಥ ಹೊತ್ತಿನಲ್ಲಿ ದೇಹ ಮೊದಲು ಕೈಬಿಡುವುದು ಗಬ್ಬದ ಕೆಲಸವನ್ನು. ಮಿದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಹಾರ್ಮೋನು ಕುಗ್ಗುತ್ತದೆ, ಅಂಡ ಬಲಿಯುವುದಿಲ್ಲ, ಹಸು ಬೆದೆಗೆ ಬರುವುದಿಲ್ಲ. ಬಂದರೂ ಕೂಗದೆ, ಲೋಳೆ ತೋರಿಸದೆ ದಾಟಿಬಿಡಬಹುದು.

ವರ್ಷಕ್ಕೊಂದು ಕರು ಬೇಕೆಂದರೆ ಈದ ಮೂರು ತಿಂಗಳೊಳಗೆ ಗಬ್ಬ ನಿಲ್ಲಬೇಕು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ. ಮೂರು ತಪ್ಪಿದರೆ ಎರಡು ತಿಂಗಳು ಹೋಯಿತು. ಹಾಲು ಬತ್ತಿದ ಹಸುವಿಗೂ ಹೊಟ್ಟೆಯಿದೆಯಲ್ಲ! ಡೇರಿ ಬಟವಾಡೆ ನಂಬಿದ ಮನೆಗಳಲ್ಲಿ ಆ ಎರಡು ತಿಂಗಳು ಕಾಣುವುದು ಬೂಸಾ ಅಂಗಡಿಯ ಸಾಲದ ಪುಸ್ತಕದಲ್ಲಿ.

ಹಾಗಂತ ಹಿಂಡಿ ಸುರಿದು ಕೊಬ್ಬಿಸುವುದೂ ತಪ್ಪೇ. ತೀರಾ ಕೊಬ್ಬಿದ ಹಸು ಈದ ಮೇಲೆ ಸರಿಯಾಗಿ ಮೇಯುವುದಿಲ್ಲ. ಕರಗಿದ ಕೊಬ್ಬು ಪಿತ್ತಜನಕಾಂಗದಲ್ಲಿ ಕೂರುತ್ತದೆ.

ಹಾಕಬೇಕಾದದ್ದೆಷ್ಟು? ಮೈ ಕಾಯಲು ಒಂದರಿಂದ ಒಂದೂವರೆ ಕೆಜಿ ಪಶು ಆಹಾರ, ಅದರ ಮೇಲೆ ಕರೆಯುವ ಲೀಟರಿಗೆ ಸುಮಾರು 400 ಗ್ರಾಂ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ. ಬದುವಿನಲ್ಲಿ ಅಗಸೆ ಸೊಪ್ಪಿನ ಮರವಿದ್ದರೆ, ಮೂಲೆಯಲ್ಲಿ ಒಂದಿಷ್ಟು ಅಲಸಂದೆ ಬಿತ್ತಿದರೆ ಪ್ರೋಟೀನೂ ಬಂತು, ಸುಣ್ಣದಂಶವೂ ಬಂತು. ಆಯಾ ಸೀಮೆಯ ಮೇವಿನ ಕೊರತೆಗೆ ತಕ್ಕ ಖನಿಜ ಮಿಶ್ರಣವನ್ನು ಬೆಂಗಳೂರು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ರೂಪಿಸಿದೆ.

ಎಲ್ಲ ತಪ್ಪನ್ನೂ ಮೇವಿನ ತಲೆಗೆ ಕಟ್ಟುವಂತಿಲ್ಲ. ಗರ್ಭಕೋಶದಲ್ಲಿ ಸೋಂಕಿರಬಹುದು. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅಂದು ಸಂಜೆಯೇ ಇಂಜೆಕ್ಷನ್ ಆಗಬೇಕು. "ನಾಳೆ ನೋಡಾಣ ಬಿಡು" ಎಂದು ಕಳೆದುಕೊಂಡವರೂ ಉಂಟು. ಮೂರು ಸಲ ನಿಲ್ಲದಿದ್ದರೆ ಪಶುವೈದ್ಯರು ಕೈಹಾಕಿ ಪರೀಕ್ಷಿಸಲೇಬೇಕು.

ಇನ್ನು ಕಡಸುಗಳು. ಹಾಲು ಕೊಡುವುದಿಲ್ಲವೆಂದು ಅವುಗಳ ಪಾಲಿಗೆ ಬರೀ ಒಣಹುಲ್ಲು. ಮಿಶ್ರತಳಿಯ ಕಡಸು ಸುಮಾರು 250 ಕೆಜಿ ತೂಗಿದ ಮೇಲೆ ಇಂಜೆಕ್ಷನ್ ಹಾಕಿಸಬೇಕೆಂಬುದು ಪಶುವೈದ್ಯರ ಲೆಕ್ಕ. ಒಣಹುಲ್ಲಿನಲ್ಲಿ ಬೆಳೆದ ಕಡಸಿಗೆ ವರ್ಷ ಎರಡು ತುಂಬಿದರೂ ಆ ತೂಕ ಬಂದಿರುವುದಿಲ್ಲ.