ತೆನೆಹಬ್ಬದ ನಾಡಿನಲ್ಲಿ ಯುದ್ಧವಿಚಾರ

ಸೆಪ್ಟೆಂಬರ್ 8ರಂದು, ಮಳೆಯ ಬಿರುಸು ಇಳಿದು ಗದ್ದೆಗಳಲ್ಲಿ ಪೈರು ತೆನೆಗಟ್ಟುವ ಹೊತ್ತಿನಲ್ಲಿ, ಬಂಟ್ವಾಳ ತಾಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯ ಅಂಗಳದಲ್ಲಿ ಮೊಂತಿ ಹಬ್ಬವು ನಡೆಯುವುದನ್ನು ಕಂಡವರು ಅದನ್ನು ಬೇಗನೆ ಮರೆಯಲಾರರು. ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಬಾಲಮರಿಯಳಿಗೆ ಅರ್ಪಿಸುವರು. ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುವರು. ಮನೆಗೆ ತಂದ ತೆನೆಯಿಂದ ಹಿರಿಯರು ಕಾಳುಗಳನ್ನು ಉಗುರಿನಿಂದ ಬಿಡಿಸಿ, ಹೊಟ್ಟು ಊದಿ, ಅರೆದು, ಪಾಯಸದಲ್ಲಿ ಬೆರೆಸುವರು. ಎಲ್ಲರೂ ಒಟ್ಟಿಗೆ ಕುಳಿತು, ಪ್ರಾರ್ಥನೆ ಮುಗಿದ ಮೇಲೆ, ಮೀನು ಮಾಂಸಗಳಿಲ್ಲದ ಆ ದಿನದ ಊಟವನ್ನು ಉಣ್ಣುವರು. ಕಾಳು ನಾಲ್ಕೇ ಇದ್ದರೂ ಮನೆಯವರಲ್ಲಿ ಯಾರಿಗೂ ಅದು ತಪ್ಪಕೂಡದು.

ಈ ಆಚರಣೆಗೆ 1763ರಲ್ಲಿ ಇದೇ ಸ್ಥಳದಲ್ಲಿ ಜೋಕಿಂ ಮಿರಾಂದಾ ಎಂಬ ಗೋವೆಯ ಪಾದ್ರಿಗಳು ನಾಂದಿ ಹಾಡಿದರೆಂಬುದು ಪರಂಪರೆಯಿಂದ ಬಂದ ಮಾತು. ಅಂದು ಹೂ ಹೊತ್ತ ಮಕ್ಕಳು ತಾವೇ ತಂದೆತಾಯಿಗಳಾಗುವಷ್ಟರಲ್ಲಿ ಯುದ್ಧವು ಅವರ ಹೊಸ್ತಿಲಿಗೆ ಬಂದಿತು. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು. ಟೀಪು ಸುಲ್ತಾನನು ತಿಂಗಳುಗಟ್ಟಲೆ ಮುತ್ತಿಗೆಯಿಟ್ಟು ಅದನ್ನು ಮರಳಿ ಪಡೆದನು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಆ ಒಪ್ಪಂದಕ್ಕೆ ಕೆಲವೇ ದಿನಗಳ ಹಿಂದೆ, ಬೂದಿ ಬುಧವಾರದ ಹೊತ್ತಿಗೆ, ಶತ್ರುವಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಹೆಂಗಸರು ಮಕ್ಕಳೆನ್ನದೆ ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 27 ಇಗರ್ಜಿಗಳು ನೆಲಸಮವಾದುವೆಂದು ಲೆಕ್ಕ. ದಾರಿಯಲ್ಲಿ ಸತ್ತವರೆಷ್ಟು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಹಿಂದಿರುಗಿದವರೆಷ್ಟು ಎಂಬುದರಲ್ಲಿ ಇತಿಹಾಸಕಾರರಿಗೆ ಏಕಮತವಿಲ್ಲ. ಮತದ್ವೇಷವೇ ಕಾರಣವೆಂದು ಕೆಲವರು, ಯುದ್ಧಕಾಲದ ರಾಜಕೀಯ ಶಂಕೆಯೇ ಕಾರಣವೆಂದು ಕೆಲವರು ಇಂದಿಗೂ ವಾದಿಸುತ್ತಿರುವರು. ಕಾರಣವು ಯಾವುದೇ ಇರಲಿ, ಕೆಲವರು ಮಾಡಿದರೆನ್ನಲಾದ ಅಪರಾಧಕ್ಕಾಗಿ ತೊಟ್ಟಿಲ ಕೂಸುಗಳೂ ದಂಡ ತೆತ್ತುವು.

ಆ ವಿನಾಶದಲ್ಲಿ ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯೊಂದು ಉಳಿದುಕೊಂಡಿತು. ಉಳಿಸಿದವನು ಮೂಡುಬಿದಿರೆಯ ಚೌಟ ಅರಸ. ಅವನು ಜೈನ, 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಊರಿನವನು. ಅವನದೇ ವಂಶದ ಉಳ್ಳಾಲದ ರಾಣಿ ಅಬ್ಬಕ್ಕನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ, ಎಂದರೆ ಶಿಲುಬೆಯ ಧ್ವಜವನ್ನು ಹೊತ್ತು ಬಂದ ಕ್ರೈಸ್ತರೊಡನೆ, ಹೋರಾಡಿದ್ದಳು. ಆ ಹಗೆಯನ್ನು ನೆನಪಿಟ್ಟು ಸುಮ್ಮನಿರಲು ಅರಸನಿಗೆ ನೆವವಿತ್ತು, ಅವನು ಸುಮ್ಮನಿರಲಿಲ್ಲ. ಯುದ್ಧ ಮತ್ತು ರಕ್ಷಣೆಗಳ ವಿಚಾರವಾಗಿ ಈ ನಾಡಿನ ಕ್ರೈಸ್ತನು ಮಾತನಾಡಲು ತೊಡಗಿದಾಗಲೆಲ್ಲ, ಶ್ರೀರಂಗಪಟ್ಟಣದ ಸೆರೆಯನ್ನು ನೆನೆಯುವಷ್ಟೇ ಶ್ರದ್ಧೆಯಿಂದ ಹೊಸಬೆಟ್ಟಿನ ಈ ಉಪಕಾರವನ್ನೂ ನೆನೆಯತಕ್ಕದ್ದೆಂದು ನಾನು ನಂಬಿದ್ದೇನೆ.

ಕ್ರಿಸ್ತನ ಬೋಧನೆಯಾದರೋ ಶತ್ರುವನ್ನು ಪ್ರೀತಿಸಬೇಕೆಂಬುದು. ಕೆನ್ನೆಗೆ ಹೊಡೆದವನಿಗೆ ಮತ್ತೊಂದು ಕೆನ್ನೆಯನ್ನು ಒಡ್ಡಬೇಕೆಂಬುದು. ಮೊದಲ ಶತಮಾನಗಳ ಕ್ರೈಸ್ತರಲ್ಲಿ ಅನೇಕರು ಆಯುಧವನ್ನು ಮುಟ್ಟಲೊಲ್ಲದೆ ಇದ್ದುದು ಈ ಕಾರಣದಿಂದಲೇ. ಕ್ವೇಕರರೂ ಮೆನೊನೈಟರೂ ಇಂದಿಗೂ ಆ ಪಥವನ್ನು ಬಿಟ್ಟಿಲ್ಲ. ಆದರೆ ತನ್ನ ಕೆನ್ನೆಯನ್ನು ಒಡ್ಡುವುದು ಬೇರೆ, ನೆರೆಮನೆಯ ಮಗುವಿನ ಕೆನ್ನೆಯನ್ನು ಒಡ್ಡುವುದು ಬೇರೆ. ನಿರಪರಾಧಿಯ ಮೇಲೆ ಬಲಾತ್ಕಾರವಾಗುತ್ತಿರುವಾಗ ತಡೆಯಬಲ್ಲವನು ಕೈಕಟ್ಟಿ ನಿಲ್ಲುವುದು ಪ್ರೀತಿಯೆನಿಸೀತೆ ಎಂಬ ಪ್ರಶ್ನೆಯಿಂದ ಸಂತ ಅಗಸ್ಟೀನ್, ಅವರ ಬಳಿಕ ಸಂತ ಥಾಮಸ್ ಅಕ್ವಿನಾಸ್ ಧರ್ಮಯುದ್ಧದ ನಿಬಂಧನೆಗಳನ್ನು ರೂಪಿಸಿದರು. ಯುದ್ಧವನ್ನು ಸಾರುವ ಅಧಿಕಾರವು ನ್ಯಾಯವಾದ ಪ್ರಭುತ್ವಕ್ಕೆ ಮಾತ್ರ. ಕಾರಣವು ಘೋರವಾದ ಅನ್ಯಾಯವಾಗಿರಬೇಕು. ಉದ್ದೇಶವು ಶಾಂತಿಯೇ ಆಗಿರಬೇಕು. ಉಳಿದೆಲ್ಲ ದಾರಿಗಳು ಮುಚ್ಚಿದ ಮೇಲೆಯೇ ಆಯುಧ, ಅದೂ ಕೇಡಿನ ಪ್ರಮಾಣವನ್ನು ಮೀರದಷ್ಟು, ಎಂಬ ಕಟ್ಟಳೆಗಳನ್ನು ಇದೇ ಪರಂಪರೆಯಲ್ಲಿ ಬಂದವರು ಇನ್ನಷ್ಟು ಸ್ಪಷ್ಟಪಡಿಸಿದರು.

ಇದು ನಮ್ಮ ನೆರೆಯ ಜೈನರಿಗೆ ಅಪರಿಚಿತವಾದ ವಿಚಾರವೇನೂ ಅಲ್ಲ. ಮಹಾವ್ರತವನ್ನು ತೊಟ್ಟ ಮುನಿಗೆ ಎಲ್ಲ ಹಿಂಸೆಯೂ ವರ್ಜ್ಯ. ಅಣುವ್ರತಿಯಾದ ಗೃಹಸ್ಥನಿಗೆ ಸಂಕಲ್ಪಿಸಿ ಮಾಡುವ ಹಿಂಸೆ ಸರ್ವಥಾ ಕೂಡದು, ಆಕ್ರಮಿಸಿ ಬಂದವನನ್ನು ತಡೆಯುವಾಗ ಅನಿವಾರ್ಯವಾಗುವ ವಿರೋಧಿ ಹಿಂಸೆಗೆ ಎಡೆಯುಂಟು. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಿಂದ ನಿಂತಿರುವ ಗೊಮ್ಮಟನ ಪಾದದ ಬಳಿ ಕುಳಿತು ನಾನು ಎಷ್ಟೋ ಸಲ ಇದನ್ನೇ ಯೋಚಿಸಿದ್ದುಂಟು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಪರರ ಮಕ್ಕಳೇಕೆ ಸಾಯಬೇಕೆಂದು ಮಂತ್ರಿಗಳು ಅವರಿಬ್ಬರನ್ನೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಡಂಬಡಿಸಿದರಂತೆ. ಅಂತಹ ಮಂತ್ರಿಗಳು ಇಂದಿನ ರಾಜ್ಯಗಳಿಗೆ ದೊರೆತರೆ! ಆ ಗೊಮ್ಮಟನಿಗೆ ಅನತಿದೂರದಲ್ಲಿಯೇ, 1794ರಲ್ಲಿ ಟೀಪು ಕಟ್ಟಿಸಿದ ಜಮಾಲಾಬಾದಿನ ಕೋಟೆಯನ್ನು ನೆತ್ತಿಯಲ್ಲಿ ಹೊತ್ತು ಗಡಾಯಿಕಲ್ಲು ನಿಂತಿದೆ. ಕಟ್ಟಿ ಐದೇ ವರ್ಷಗಳಲ್ಲಿ ಆ ಕೋಟೆಯು ಇಂಗ್ಲಿಷರ ಪಾಲಾಯಿತು.

ಇನ್ನು ಪಕ್ಷಗಳ ನೀತಿ. ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ ಈ ಮೂರೂ ವಿಧಾನಸಭಾ ಕ್ಷೇತ್ರಗಳು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿದುವು. 2024ರಲ್ಲಿ ಇಲ್ಲಿಂದ ಗೆದ್ದ ಭಾರತೀಯ ಜನತಾ ಪಕ್ಷದ ಬ್ರಿಜೇಶ್ ಚೌಟರು ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು. ಇಲ್ಲಿಯ ಕ್ರೈಸ್ತರೂ ಏಕರೂಪರಲ್ಲ: ಕೊಂಕಣಿಯಾಡುವ ಕಥೋಲಿಕರು, 1999ರಲ್ಲಿ ಸ್ಥಾಪಿತವಾದ ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ ಮಲಬಾರ್ ಸಭೆಯವರು, ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟಂಟರು. (ಆ ಮಿಷನ್ನಿನ ಜರ್ಮನ್ ಬೋಧಕರನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರವು ಶತ್ರುಪ್ರಜೆಗಳೆಂದು ಬಂಧನದಲ್ಲಿಟ್ಟಿತೆಂಬುದನ್ನೂ ಮರೆಯಲಾಗದು, ಯುದ್ಧವೆದ್ದೊಡನೆ ಶಂಕೆಯು ಹೊಸ ಹೊಸ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ.) ಇವರೆಲ್ಲರೂ ಒಂದೇ ಪಕ್ಷಕ್ಕೆ ಮತ ನೀಡಬೇಕೆಂದು ಯಾವ ಧರ್ಮವೂ ವಿಧಿಸಲಾರದು, ಒಂದೇ ಅಳತೆಗೋಲಿನಿಂದ ಎಲ್ಲ ಪಕ್ಷಗಳನ್ನೂ ಅಳೆಯಬೇಕೆಂದು ಮಾತ್ರ ವಿಧಿಸೀತು.

ಹಾಗೆ ಅಳೆದರೆ ಎರಡು ಮುಖ್ಯ ಪಕ್ಷಗಳಲ್ಲಿಯೂ ಮೆಚ್ಚತಕ್ಕದ್ದೂ ಉಂಟು, ಖೇದಪಡತಕ್ಕದ್ದೂ ಉಂಟು. 1971ರಲ್ಲಿ, ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದ ಮೇಲೆ ನಡೆದ ಯುದ್ಧದಲ್ಲಿ, ಢಾಕಾದಲ್ಲಿ ಜಯವು ಕೈಸೇರಿದೊಡನೆಯೇ ಇಂದಿರಾ ಗಾಂಧಿಯವರ ಕಾಂಗ್ರೆಸ್ ಸರಕಾರವು ಪಶ್ಚಿಮದಲ್ಲಿಯೂ ತಾನಾಗಿ ಕದನವಿರಾಮವನ್ನು ಸಾರಿತು. ಅದೇ ಸರಕಾರವು 1974ರ ಮೇ 18ರಂದು ಪೋಖ್ರಾನಿನಲ್ಲಿ ಅಣುಸ್ಫೋಟವನ್ನೂ ನಡೆಸಿತು. 1998ರ ಚುನಾವಣೆಯಲ್ಲಿ ಅಣ್ವಸ್ತ್ರದ ಮಾತನ್ನು ಪ್ರಣಾಳಿಕೆಯಲ್ಲಿಯೇ ಹೇಳಿಕೊಂಡಿದ್ದ ಭಾರತೀಯ ಜನತಾ ಪಕ್ಷದ ನೇತೃತ್ವದ ಸರಕಾರವು ಆ ವರ್ಷದ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿಯೇ ಮತ್ತೆ ಅಣುಸ್ಫೋಟವನ್ನು ನಡೆಸಿತು. ಮರುವರ್ಷ ಕಾರ್ಗಿಲ್ ಯುದ್ಧದಲ್ಲಿ, ಸೈನಿಕರಿಗೆ ಅದೆಷ್ಟು ದುಬಾರಿಯಾದರೂ, ನಿಯಂತ್ರಣ ರೇಖೆಯನ್ನು ದಾಟಕೂಡದೆಂಬ ಸಂಯಮವನ್ನು ಅದೇ ಸರಕಾರವು ಪಾಲಿಸಿತು.

1998ರ ಸ್ಫೋಟ, ಕಾರ್ಗಿಲ್ ಯುದ್ಧ ಈ ಎರಡು ಸಂದರ್ಭಗಳಲ್ಲಿಯೂ ರಕ್ಷಣಾ ಮಂತ್ರಿಯಾಗಿದ್ದವರು ಮಂಗಳೂರಿನ ಕಥೋಲಿಕ ಮನೆಯಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋಗಿ, ಅಲ್ಲಿಂದ ಹೊರಬಂದು ಸಮಾಜವಾದಿಯಾದ ಜಾರ್ಜ್ ಫೆರ್ನಾಂಡಿಸರು. ಸಿಯಾಚಿನ್ನಿನ ಹಿಮಕ್ಕೆ ಅವರು ಮತ್ತೆ ಮತ್ತೆ ಹೋಗಿ ಬಂದರು. ಅಲ್ಲಿಯ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆದಿರಿಸಿದ ಅಧಿಕಾರಿಗಳನ್ನು ಆ ಚಳಿಯನ್ನು ಕಂಡು ಬರಲೆಂದು ಅಲ್ಲಿಗೇ ಕಳುಹಿಸಲು ಆಜ್ಞಾಪಿಸಿದರು. ಸಾಮಾನ್ಯ ಜವಾನನ ದೇಹವನ್ನು ಕಡತಕ್ಕಿಂತ ಹಿರಿದೆಂದು ಎಣಿಸಿದ ಈ ನಡತೆಯಲ್ಲಿ ಸೆಮಿನರಿಯ ಶಿಕ್ಷಣದ ವಾಸನೆಯು ಉಳಿದಿತ್ತೆಂದು ನನಗೆ ತೋರುತ್ತದೆ. ಆದರೆ ಒಂದು ಕಾಲಕ್ಕೆ ಅಣ್ವಸ್ತ್ರವನ್ನು ಬಹಿರಂಗವಾಗಿ ವಿರೋಧಿಸಿದ್ದ ಅದೇ ಮನುಷ್ಯನು ಪೋಖ್ರಾನನ್ನು ಸಮರ್ಥಿಸಿದುದನ್ನು ಎಣಿಸಿದಾಗ ಮನಸ್ಸು ಭಾರವಾಗುತ್ತದೆ. ಊರಿಗೆ ಊರನ್ನೇ ಸುಡುವ ಆಯುಧವು ಧರ್ಮಯುದ್ಧದ ಯಾವ ನಿಬಂಧನೆಯೊಳಗೂ ಅಡಗದು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಅಂತಹ ವಿನಾಶವನ್ನು ಖಂಡಿಸಿತು, 2019ರಲ್ಲಿ ಹಿರೋಷಿಮಾದಲ್ಲಿ ನಿಂತ ಪೋಪ್ ಫ್ರಾನ್ಸಿಸರು ಅದನ್ನು ಇಟ್ಟುಕೊಳ್ಳುವುದೂ ಅನೀತಿಯೆಂದರು. ತಾನಾಗಿ ಮೊದಲು ಪ್ರಯೋಗಿಸೆನೆಂದು 2003ರಲ್ಲಿ ಭಾರತವು ಅಂಗೀಕರಿಸಿದ ನೀತಿಯು ಅಲ್ಪವಾದ ಸಮಾಧಾನ. ಅದನ್ನು ಸಡಿಲಿಸಬೇಕೆನ್ನುವ ಯಾವ ಪಕ್ಷದ ಮಾತಿಗೂ ಕ್ರೈಸ್ತನ ಅಂತಃಸಾಕ್ಷಿಯು ಒಪ್ಪಲಾರದು. 2024ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷವು ತನ್ನ ಪ್ರಣಾಳಿಕೆಯಲ್ಲಿ ಸರ್ವನಾಶಕ ಅಸ್ತ್ರಗಳ ನಿರ್ಮೂಲನವನ್ನು ಕೇಳಿ ಹಾಸ್ಯಕ್ಕೆ ಗುರಿಯಾಯಿತು. ಆ ಪಕ್ಷದ ಉಳಿದ ತತ್ತ್ವಗಳೊಡನೆ ನನಗೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ, ಆ ಮಾತು ಹಾಸ್ಯಾಸ್ಪದವೆಂದು ನಾನು ಹೇಳಲಾರೆ.

ಅಣುಬಾಂಬು ದೂರದ್ದು, ಅಗ್ನಿಪಥವು ಮನೆಯಂಗಳದ್ದು. 2022ರ ಜೂನ್ 14ರಂದು ಪ್ರಕಟವಾದ ಈ ಯೋಜನೆಯಂತೆ ಹದಿನೇಳೂವರೆ ವಯಸ್ಸಿನ ಹುಡುಗನೂ ನಾಲ್ಕು ವರ್ಷಕ್ಕೆ ಸೇನೆ ಸೇರಬಹುದು. ಅವಧಿ ತುಂಬಿದ ಮೇಲೆ ನೂರಕ್ಕೆ 25 ಮಂದಿಗೆ ಮಾತ್ರ ಮುಂದಿನ ನೌಕರಿ. ಸೇನೆಯು ತರುಣವಾಗುವುದೆಂದು ಸರಕಾರದ ವಾದ. ರದ್ದುಮಾಡುವೆವೆಂದು 2024ರ ಕಾಂಗ್ರೆಸ್ ಪ್ರಣಾಳಿಕೆಯ ವಾಗ್ದಾನ. ಜೀವವನ್ನೇ ಒಡ್ಡೆಂದು ಕೇಳುವ ಒಡೆಯನು ಆ ಆಳಿನ ಬಾಳಿನ ಭಾರವನ್ನೂ ಹೊರಬೇಕೆಂಬುದು ಶ್ರಮದ ಗೌರವವನ್ನು ಕುರಿತ ಕ್ರೈಸ್ತ ಬೋಧನೆಯ ತಿರುಳು. ಆ ತಕ್ಕಡಿಯಲ್ಲಿ ನಾಲ್ಕು ವರ್ಷದ ಕರಾರು ನನಗೆ ಹಗುರವಾಗಿ ಕಂಡಿದೆ.

ಹಣದ ಮಾತೂ ಹಾಗೆಯೇ. 2025–26ರ ಕೇಂದ್ರ ಮುಂಗಡಪತ್ರದಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ. ಗಡಿಗಳೆರಡರಲ್ಲಿಯೂ ಭಯವಿರುವ ದೇಶಕ್ಕೆ ಇದು ಬೇಡವೆನ್ನುವಷ್ಟು ಸರಳನು ನಾನಲ್ಲ. ಆದರೆ 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದ ಪೋಪ್ ಆರನೆಯ ಪೌಲರು ಆಯುಧದ ವೆಚ್ಚದಲ್ಲಿ ಒಂದಂಶವನ್ನಾದರೂ ಬಡವರಿಗಾಗಿ ಜಾಗತಿಕ ನಿಧಿಯೊಂದಕ್ಕೆ ಕೊಡಿರೆಂದು ರಾಷ್ಟ್ರಗಳನ್ನೆಲ್ಲ ಬೇಡಿಕೊಂಡರು; ನಮ್ಮ ಮಣ್ಣಿನಲ್ಲಿ ನಿಂತು ಆಡಿದ ಆ ಮಾತನ್ನು ಯಾವ ಪಕ್ಷದ ಪ್ರಣಾಳಿಕೆಯಲ್ಲಿಯೂ ನಾನು ಕಂಡಿಲ್ಲ.

2025ರ ಮೇ 7ರಿಂದ 10ರವರೆಗೆ ಭಾರತ ಪಾಕಿಸ್ತಾನಗಳ ನಡುವೆ ಕ್ಷಿಪಣಿಗಳು ಹಾರಾಡಿದುವು. ಮರುದಿನ ಭಾನುವಾರ. ರೋಮಿನಲ್ಲಿ, ಪೋಪ್ ಆಗಿ ಮೂರೇ ದಿನವಾಗಿದ್ದ ಹದಿನಾಲ್ಕನೆಯ ಲಿಯೋ ಕದನವಿರಾಮದ ಸುದ್ದಿಗೆ ಹರ್ಷವನ್ನು ಸೂಚಿಸಿದರು. ಆ ಬೆಳಿಗ್ಗೆ ನಮ್ಮೂರಿನ ಇಗರ್ಜಿಯಲ್ಲಿ ಪ್ರಾರ್ಥನೆಯ ಚೀಟಿಯನ್ನು ಓದಲು ಎದ್ದ ಹುಡುಗಿಯು, ಪಹಲ್ಗಾಮಿನ ಭಯೋತ್ಪಾದಕ ದಾಳಿಯಲ್ಲಿ ಸತ್ತವರಿಗಾಗಿ ಒಂದು, ನಮ್ಮ ಸೈನಿಕರಿಗಾಗಿ ಒಂದು ಬಿನ್ನಹವನ್ನು ಓದಿ, ಚೀಟಿಯನ್ನು ಮಗುಚಿ, ಗಡಿಯ ಎರಡೂ ಕಡೆ ಮನೆ ಕಳೆದುಕೊಂಡವರಿಗಾಗಿ ಮೂರನೆಯದನ್ನು ಓದಿದಳು. ಒಂದು ಕ್ಷಣ ಯಾರೂ ಉತ್ತರಿಸಲಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಮುದುಕಿಯ ಧ್ವನಿಯು ಮೊದಲಾಯಿತು. ಉಳಿದವರು ಅದರೊಡನೆ ಸೇರಿಕೊಂಡರು.