ಸರ್ಚರ್ಸ್ ವೃಂದದ ಗಾನದಲ್ಲಿ ಪರಕೃತಿಸ್ವೀಕಾರ

ಆಂಗ್ಲದೇಶದಲ್ಲಿ ಮರ್ಸಿ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ಲಿವರ್‌ಪೂಲ್ ಎಂಬ ರೇವುಪಟ್ಟಣವಿದೆ. ೧೯೬೦ರ ಅನಂತರ ಅಲ್ಲಿ ಪ್ರಸಿದ್ಧಿಗೆ ಬಂದ ಗಾನಪದ್ಧತಿಗೆ ಆ ನದಿಯ ಹೆಸರಿನಿಂದಲೇ ಮರ್ಸಿಬೀಟ್ ಎಂಬ ಸಂಜ್ಞೆಯುಂಟಾಯಿತು. ಬೀಟಲ್ಸ್ ವೃಂದವನ್ನು ಅರಿಯದವರು ವಿರಳ. ಅದೇ ಪಟ್ಟಣದ ಸರ್ಚರ್ಸ್ ವೃಂದವನ್ನು ಬಲ್ಲವರು ವಿರಳ. ಸರ್ಚರ್ಸ್‌ರ ಕೀರ್ತಿಯು ಬಹುಭಾಗ ಅನ್ಯರು ಮೊದಲೇ ಹಾಡಿದ ಹಾಡುಗಳಿಂದ ಬಂದುದು, ಆದುದರಿಂದ ಅದು ಎರವಿನ ಕೀರ್ತಿ ಎಂಬುದು ಪೂರ್ವಪಕ್ಷ.

ಗಿಟಾರ್ ವಾದಕರಾದ ಜಾನ್ ಮ್ಯಾಕ್‌ನ್ಯಾಲಿ ಮತ್ತು ಮೈಕ್ ಪೆಂಡರ್, ಮಂದ್ರಸ್ವರದ ಬೇಸ್ ಗಿಟಾರನ್ನು ನುಡಿಸುತ್ತಿದ್ದ ಟೋನಿ ಜ್ಯಾಕ್ಸನ್, ತಾಳವಾದ್ಯದ ಕ್ರಿಸ್ ಕರ್ಟಿಸ್ ಇವರೇ ಆ ನಾಲ್ವರು. ವೃಂದದ ಹೆಸರು ಜಾನ್ ಫೋರ್ಡನ ೧೯೫೬ರ ಚಲಚ್ಚಿತ್ರದಿಂದ ಬಂದುದು. ಅನ್ವೇಷಕರೆಂದು ಅದರ ಅರ್ಥ. ಅನ್ಯರ ಹಾಡುಗಳನ್ನು ಅರಸಿ ತಂದವರಿಗೆ ಇದು ಅನ್ವರ್ಥನಾಮವೇ ಸರಿ. ೧೯೬೩ರಲ್ಲಿ ಇವರು ಹಾಡಿದ ‘ಸ್ವೀಟ್ಸ್ ಫಾರ್ ಮೈ ಸ್ವೀಟ್’ ಬ್ರಿಟನ್ನಿನ ಗಣನೆಯಲ್ಲಿ ಪ್ರಥಮಸ್ಥಾನವನ್ನು ಪಡೆಯಿತು. ಇದನ್ನು ೧೯೬೧ರಲ್ಲಿಯೇ ಅಮೆರಿಕದ ಡ್ರಿಫ್ಟರ್ಸ್ ವೃಂದವು ಹಾಡಿದ್ದಿತು.

ಪರಕೃತಿಯೊಡನೆ ಸಾದೃಶ್ಯವುಳ್ಳ ಕಾವ್ಯವನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಪ್ರತಿಬಿಂಬದಂತಿರುವುದು ಒಂದು, ಚಿತ್ರದಂತಿರುವುದು ಇನ್ನೊಂದು, ಸಮಾನಾಕಾರವುಳ್ಳ ಬೇರೊಬ್ಬ ದೇಹಿಯಂತಿರುವುದು ಮತ್ತೊಂದು. ಮೊದಲೆರಡು ತ್ಯಾಜ್ಯ, ಮೂರನೆಯದು ತನ್ನದೇ ಆತ್ಮವುಳ್ಳದ್ದಾದುದರಿಂದ ಗ್ರಾಹ್ಯ. ಕಾವ್ಯಕ್ಕೆ ಹೇಳಿದ ಈ ನಿಯಮವನ್ನು ಗಾನಕ್ಕೂ ಅನ್ವಯಿಸಬಹುದು. ‘ಸ್ವೀಟ್ಸ್ ಫಾರ್ ಮೈ ಸ್ವೀಟ್’ ಎಷ್ಟು ಉಲ್ಲಾಸಕರವಾಗಿದ್ದರೂ ಚಿತ್ರದ ವರ್ಗವನ್ನು ದಾಟುವುದಿಲ್ಲ. ೧೯೬೪ರ ಆದಿಯಲ್ಲಿ ಬಂದ ‘ನೀಡಲ್ಸ್ ಅಂಡ್ ಪಿನ್ಸ್’ ಹಾಗಲ್ಲ.

ಇದನ್ನು ರಚಿಸಿದವರು ಜ್ಯಾಕ್ ನಿಟ್ಷೆ ಮತ್ತು ಸಾನಿ ಬೋನೊ. ೧೯೬೩ರಲ್ಲಿ ಮೊದಲು ಹಾಡಿದವಳು ಜ್ಯಾಕಿ ಡಿಶ್ಯಾನನ್. ಅವಳ ಗಾನದಲ್ಲಿ ಕಂಠವೇ ಪ್ರಧಾನ. ಸರ್ಚರ್ಸ್‌ರಲ್ಲಿಯಾದರೋ ತಂತಿಯ ನಾದವೇ ಹಾಡಿನ ದೇಹವಾಗಿ ಪರಿಣಮಿಸಿದೆ. ಆರು ತಂತಿಗಳ ಎರಡು ಗಿಟಾರುಗಳು ಒಂದೇ ಸ್ವರಸಮೂಹವನ್ನು ಕೂಡಿ ನುಡಿಯುವುದರಿಂದ, ಗಂಟೆಯ ಅನುರಣನದಂತೆ ಝಣತ್ಕಾರವು ಹುಟ್ಟುತ್ತದೆ. ಕೇಳಿದವರು ಇದನ್ನು ಹನ್ನೆರಡು ತಂತಿಗಳ ಗಿಟಾರೆಂದೇ ಭ್ರಮಿಸಿದರು. ಆ ವಾದ್ಯವನ್ನು ಇವರು ನಿಜವಾಗಿ ಬಳಸಿದುದು ಅದೇ ವರ್ಷದ ‘ವೆನ್ ಯೂ ವಾಕ್ ಇನ್ ದಿ ರೂಮ್’ ಎಂಬ ಹಾಡಿನಲ್ಲಿ, ಅದೂ ಡಿಶ್ಯಾನನ್ನಳದೇ. ‘ಪಿನ್ಸ್’ ಎಂಬ ವ್ಯಂಜನಾಂತ ಪದದ ಕೊನೆಗೆ ಅವಳು ಸೇರಿಸಿದ್ದ ಅಕಾರವನ್ನು ಸಹ ಪೆಂಡರನು ಹಾಗೆಯೇ ಉಳಿಸಿಕೊಂಡನು. ‘ಬಸ್’ ಎಂಬುದನ್ನು ‘ಬಸ್ಸು’ ಮಾಡಿಕೊಳ್ಳುವ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರದು! ತಾಳವಾದ್ಯದ ಕಾಲುಮೆಟ್ಟಿನ ಕಿರುಗುಟ್ಟುವಿಕೆಯೂ ಆ ಮುದ್ರಿಕೆಯಲ್ಲಿ ಕೇಳಿಬರುತ್ತದೆ. ಅದು ಚಂದ್ರನ ಕಲಂಕದಂತೆ.

ಈ ಹಾಡು ಮೂರು ವಾರ ಪ್ರಥಮಸ್ಥಾನದಲ್ಲಿದ್ದಿತು. ಅಮೆರಿಕದ ಬರ್ಡ್ಸ್ ವೃಂದವು ೧೯೬೫ರಲ್ಲಿ ಹಾಡಿದ ‘ಐಲ್ ಫೀಲ್ ಎ ಹೋಲ್ ಲಾಟ್ ಬೆಟರ್’ ಎಂಬುದರ ತಂತೀನಾದದಲ್ಲಿ ಇದರ ಛಾಯೆ ಸ್ಪಷ್ಟವಾಗಿದೆ. ಎರವಿನದೆಂಬುದರಿಂದಲೇ ಇತರರು ಎರವು ಪಡೆದರೆಂದಮೇಲೆ ಪೂರ್ವಪಕ್ಷವು ನಿಲ್ಲಲಾರದು.

ಆದರೂ ಪೂರ್ವಪಕ್ಷದಲ್ಲಿ ಒಂದಂಶ ಸತ್ಯವಾಗಿದೆ. ವೃಂದಗಳು ತಮ್ಮ ಹಾಡುಗಳನ್ನು ತಾವೇ ರಚಿಸಬೇಕೆಂಬ ಅಭಿರುಚಿ ಬೇಗನೆ ಬಲಿಯಿತು. ಹಾಡನ್ನು ಆರಿಸುವ ಜಾಣ್ಮೆಯೊಂದೇ ಸಾಲದಾಯಿತು. ಜ್ಯಾಕ್ಸನ್ ೧೯೬೪ರಲ್ಲಿ ಹೊರಟುಹೋಗಿ, ಅವನ ಸ್ಥಾನಕ್ಕೆ ಫ್ರ್ಯಾಂಕ್ ಅಲೆನ್ ಬಂದನು. ಕರ್ಟಿಸ್ ೧೯೬೬ರಲ್ಲಿ ಹೋದನು. ಆ ವರ್ಷದ ಅನಂತರ ಇವರ ಯಾವ ಹೊಸ ಹಾಡೂ ಬ್ರಿಟನ್ನಿನ ಗಣನೆಯನ್ನು ಸೇರಲಿಲ್ಲ. ಪೆಂಡರನು ೧೯೮೫ರಲ್ಲಿ ಬೇರೆಯಾದನು. ಮ್ಯಾಕ್‌ನ್ಯಾಲಿಯೂ ಅಲೆನ್ನನೂ ಮಾತ್ರ ಹಳೆಯ ಹಾಡುಗಳನ್ನೇ ಹಾಡುತ್ತ ಊರೂರು ತಿರುಗಿ, ೨೦೨೫ರ ಜೂನ್ ತಿಂಗಳಿನಲ್ಲಿ ಗ್ಲ್ಯಾಸ್ಟನ್‌ಬರಿ ಉತ್ಸವದಲ್ಲಿ ಕಡೆಯ ಕಚೇರಿಯನ್ನು ನಡೆಸಿದರು.